ಬಿ ಖರಾಬು

ಸರಪಳಿಯ ಒಂದು ತುದಿ ನನ್ನದು,
ಇನ್ನೊಂದು ಸರ್ವೇಯರ್ ಷಣ್ಮುಖಾಚಾರ್ರದು.
ಈಗ ಮೂರು ಕಾಲಿನ ಮೆಷಿನ್ನು ಬಂದಿದೆ,
ಆದರೂ ನಕ್ಷೆ ಸರಪಳಿಯ ಕಾಲದ್ದು ಅಂತ
ಇದನ್ನೂ ಹೊರಿಸುತ್ತಾರೆ.
ಎಡಗೈಯಲ್ಲಿ ಕೆಂಪು ಬಣ್ಣದ ಡಬ್ಬಿ.

ತೂಬಿನಪಾಳ್ಯದ ಗ್ರಾಮನಕ್ಷೆ
ಮಡಿಚಿದಲ್ಲೆಲ್ಲ ಹರಿದು, ಬೆನ್ನಿಗೆ ಬಟ್ಟೆ ಅಂಟಿಸಿಕೊಂಡಿದೆ.
ಅದರೊಳಗೊಂದು ಹಳ್ಳ
ಬಾಣಂತಿಯ ಹೊಟ್ಟೆಯ ಮೇಲಿನ ಗೆರೆಯ ಹಾಗೆ,
ಮೇಲಿನ ಕೆರೆಯ ಕೋಡಿಯಿಂದ ಕೆಳಗಿನ ಕೆರೆಗೆ
ಆತುರವಿಲ್ಲದೆ ಇಳಿದಿದೆ.
ಪಹಣಿಯಲ್ಲಿ ಹೆಸರಿಲ್ಲ.
ಕಂದಾಯ ಕೊಡದ್ದು, ಉಳಲು ಬಾರದ್ದು.
ಬರೆದ ಗುಮಾಸ್ತ ಯಾರೋ, ಅಕ್ಷರ ಮಾತ್ರ ದುಂಡಗೆ:
ಬಿ ಖರಾಬು.

ಶುರು ಮಾಡಿದ್ದು ಬಸ್ ಸ್ಟ್ಯಾಂಡಿನಿಂದ.
ಮೇಲಿನ ಕೆರೆ ಇದ್ದದ್ದು ಅಲ್ಲೇ.
ಈಗಲೂ ಜೋರು ಮಳೆಗೆ ಬಸ್ಸುಗಳು
ಎಮ್ಮೆಗಳ ಹಾಗೆ ನೀರಲ್ಲಿ ನಿಂತು
ಹಾರನ್ನಿಗೂ ಕದಲುವುದಿಲ್ಲ.
ಅಲ್ಲಿಂದ ಹಳ್ಳ ಹಾದದ್ದು
ಕಲ್ಯಾಣಮಂಟಪದ ಒಲೆಗಳ ಸಾಲು,
ನಯಾಜ್ ಸಾಹೇಬರ ಹಾಸಿಗೆ ಅಂಗಡಿ,
ಹುಡುಗಿಯರ ಸ್ಕೂಲಿನ ಬೀಗ ಹಾಕಿದ ಶೌಚಾಲಯ,
ಆಮೇಲೆ ನಾನೂರು ಮನೆಯ ಅಪಾರ್ಟ್‌ಮೆಂಟು,
ನೆಲಮಾಳಿಗೆ, ಕಾರುಗಳ ಮೂರನೇ ಸಾಲು.
ಬೇಸಿಗೆಯಲ್ಲೂ ಇಲ್ಲಿ ಪಂಪು ಓಡುತ್ತೆ ಸಾರ್,
ನೀರು ಎಲ್ಲಿಂದ ಬರುತ್ತೋ, ಎಂಜಿನಿಯರಿಗೂ ಗೊತ್ತಿಲ್ಲ,
ಅಂದ ಸೆಕ್ಯುರಿಟಿಯವನು.
ನಕ್ಷೆ ನನ್ನ ಕಂಕುಳಲ್ಲೇ ಇತ್ತು. ಬಿಚ್ಚಲಿಲ್ಲ.

ಆರೋಗ್ಯದಾಸನ ಬಣ್ಣದ ಮೀನಿನ ಅಂಗಡಿಯಲ್ಲಿ
ಗೆರೆ ಗಾಜಿನ ತೊಟ್ಟಿಗಳ ನಡುವೆ ನುಗ್ಗಿತು.
ಆಚಾರ್ರು ಪೆನ್ಸಿಲು ಕಿವಿಗೆ ಸಿಕ್ಕಿಸಿ
ಬಹಳ ಹೊತ್ತು ನೋಡಿದರು.
ನಕ್ಷೆ ಪ್ರಕಾರ, ಅಂದರು,
ಈ ಮೀನುಗಳು ಸರಿಯಾದ ಜಾಗದಲ್ಲೇ ಇವೆ.
ಆರೋಗ್ಯದಾಸ ನಗಲಿಲ್ಲ.

ಅಂಗಡಿಯ ಹಿಂದೆ ಹಳ್ಳ ಕಣ್ಣಿಗೆ ಬಿತ್ತು.
ಎರಡು ಕಾಂಕ್ರೀಟು ಗೋಡೆ, ನಡುವೆ
ದಪ್ಪಗೆ, ನಿದ್ದೆಗಣ್ಣಲ್ಲಿ ಹೊರಳುವ ಏನೋ.
ಮೇಲೆ ಬಟ್ಟೆಗೆ ಬಣ್ಣ ಹಾಕುವ ಶೆಡ್ಡುಗಳಿವೆ.
ಮಂಗಳವಾರ ನೇರಳೆ, ಗುರುವಾರ ಹಸಿರು,
ಶನಿವಾರ ಕೂಲಿ ಬಟವಾಡೆ, ಬರೀ ಕಪ್ಪು.
ಕ್ಯಾಲೆಂಡರು ಬೇಕಿಲ್ಲ ಈ ಬೀದಿಗೆ.

ಕಟ್ಟಕಡೆಯ ಮನೆ ಪಿಳ್ಳಮ್ಮನದು.
ತಗಡಿನ ಮಾಡು, ಮೊಣಕಾಲೆತ್ತರದ ಹೊಸ್ತಿಲು,
ಗೋಡೆಯ ಮೇಲೆ ಇದ್ದಿಲಿನ ಗೀಟುಗಳು,
ಮೊಮ್ಮಕ್ಕಳ ಎತ್ತರ ಇರಬೇಕು ಅಂದುಕೊಂಡೆ.
ಅಲ್ಲ, ಅಂದಳು, ಅದು ನೀರಿಂದು.
ಒಂದೊಂದು ಮಳೆಗಾಲಕ್ಕೆ ಒಂದೊಂದು ಗೀಟು.

ಅವಳ ತಾತ ಕೆಳಗಿನ ಕೆರೆಯ ನೀರುಗಂಟಿ,
ತೂಬಿನ ಬಿರಡೆ ಎತ್ತುತ್ತಿದ್ದವನು,
ಯಾರ ಗದ್ದೆಗೆ ಎಷ್ಟು ಗಳಿಗೆ, ಎಲ್ಲ ಬಾಯಲ್ಲೇ.
ಹಳ್ಳಕ್ಕೆ ಹೆಸರೇನಿತ್ತಮ್ಮ? ಕೇಳಿದೆ.
ಹೆಸರಾ?
ಹಿತ್ತಲ ಬಾಗಿಲಿಗೆ ಯಾರಾದ್ರೂ ಹೆಸರಿಡ್ತಾರಾ?
ನೀರಿಗೆ ಹೋಗ್ತೀನಿ ಅಂದ್ರೆ ಇಲ್ಲಿಗೇ.
ಬೇರೆ ಎಲ್ಲಿಗೆ ಹೋಗ್ತಿದ್ವಿ?

ಇದು ನೀರಿನ ಜಾಗ ಅಂತ ಗೊತ್ತಾ ನಿಂಗೆ?
ಆಚಾರ್ರ ದನಿ ಕಚೇರಿಯದಾಗಿತ್ತು.
ಗೊತ್ತು ಸ್ವಾಮಿ. ಅದು ಬಂದ್ರೆ ನಾನೇ ಏಳ್ತೀನಿ,
ಮಂಚದ ಮೇಲೆ ಬೆಂಚು, ಬೆಂಚಿನ ಮೇಲೆ ನಾನು.
ಆ ನಾನೂರು ಮನೆಯವ್ರೂ ಏಳ್ತಾರಾ?

ನಾನು ಕುಂಚ ಅದ್ದಿದೆ.
ಇದ್ದಿಲ ಗೀಟುಗಳನ್ನು ಬಿಟ್ಟು, ಸ್ವಲ್ಪ ಪಕ್ಕಕ್ಕೆ,
ಒಂದು ಬಾಣ, ಒಂದು ಸಂಖ್ಯೆ.
ಅವಳು ಸೆರಗು ಒದ್ದೆಯಾದೀತೆಂದು
ಹಿಂದೆ ಸರಿದು ಜಾಗ ಮಾಡಿಕೊಟ್ಟಳು.

ಸಂಜೆ ಅದೇ ದಾರಿಯಲ್ಲಿ ಮರಳಿದೆವು.
ಅಪಾರ್ಟ್‌ಮೆಂಟಿನ ಕಂಬಕ್ಕೆ ಹೊಸ ಸುಣ್ಣ, ಇನ್ನೂ ಹಸಿ.
ಮಂಟಪದ ಗೋಡೆಗೆ ಫ್ಲೆಕ್ಸು.
ಆಚಾರ್ರು ನೋಡಿದರು, ನೋಡಲಿಲ್ಲ,
ಫೈಲಿನ ದಾರವನ್ನು ಇನ್ನೊಂದು ಸುತ್ತು ಬಿಗಿದರು.

ಮನೆಗೆ ಬಂದು ಸೀಮೆಎಣ್ಣೆ ಹಾಕಿ ಕೈ ತಿಕ್ಕಿದೆ.
ಬಚ್ಚಲಿಂದ ಕೆಂಪು ನೀರು
ಗುಳುಗುಳು ಹೊರಟಿತು, ಎಲ್ಲಿಗೆಂದು ನನಗೆ ಗೊತ್ತು,
ಅಳತೆ ಸಮೇತ.
ಬೆಳಗ್ಗೆ ಬಾಗಿಲು ತೆಗೆದಾಗ ಪಿಳ್ಳಮ್ಮ
ಇವತ್ತು ಯಾವ ವಾರ ಅಂತ
ಸ್ವಲ್ಪ ಹೊತ್ತು ನಿಂತು ಯೋಚಿಸಬಹುದು.